ಬಿಸಿಲನ್ನು ಅಳೆದವರು: ಭೀಮಾ ಸೀಮೆಯಲ್ಲಿ ಥರ್ಮಾಮೀಟರಿನ ಇನ್ನೂರು ವರ್ಷ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳು ಬರಿದಾಗುತ್ತವೆ. ಎರೆಮಣ್ಣು ಒಣಗಿ ಬಿರುಕು ಬಿಡುತ್ತದೆ. ಮಾರ್ಚ್ ಕಳೆಯುವ ಹೊತ್ತಿಗೆ ಮುಂಜಾನೆ ಹತ್ತಕ್ಕೇ ಝಳ ಮುಖಕ್ಕೆ ಹೊಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ವೇಳೆ ಬದಲಿಸಿಕೊಳ್ಳುವ ಸೀಮೆ ಇದು. ಇಲ್ಲಿನ ರೈತರು ತಲೆತಲಾಂತರದಿಂದ ಬೇಸಿಗೆಯನ್ನು ನಕ್ಷತ್ರದ ಲೆಕ್ಕದಲ್ಲಿ ಎಣಿಸಿದವರು. ಭರಣಿ, ಕೃತ್ತಿಕೆ, ರೋಹಿಣಿ ದಾಟಿ ಮಿರಗ ಕೂಡಿತೆಂದರೆ ಬಿತ್ತನೆಗೆ ಕೂರಿಗೆ ಹೊರಬರುತ್ತದೆ.

ಅದೇ ಬಿಸಿಲಿಗೆ ಇವತ್ತು ಒಂದು ಅಂಕಿಯೂ ಇದೆ. ಪತ್ರಿಕೆಯ ಮೂಲೆಯಲ್ಲಿ, ಮೊಬೈಲಿನ ಪರದೆಯ ಮೇಲೆ, ಟಿವಿಯ ಕೆಳಸಾಲಿನಲ್ಲಿ 42, 43 ಎಂದು ಅದು ದಿನವೂ ಕಾಣಿಸುತ್ತದೆ. ಆ ಅಂಕಿಯನ್ನು ಈ ಕಡೆಗೆ ಯಾರು ತಂದರು, ಯಾವ ಕಾರಣಕ್ಕೆ ತಂದರು, ಯಾವ ಉಪಕರಣ ಅದನ್ನು ಹೇಳುತ್ತದೆ ಎಂಬುದು ಎರಡು ಶತಮಾನಕ್ಕೂ ಮಿಕ್ಕಿದ ಕಥೆ. ಯಾವ ಥರ್ಮಾಮೀಟರು, ಎಲ್ಲಿಟ್ಟದ್ದು, ಯಾವಾಗ ನೋಡಿದ್ದು ಎಂದು ಕೇಳದೆ ತಾಪಮಾನದ ಯಾವ ಅಂಕಿಯನ್ನೂ ನಂಬಬಾರದು ಎಂಬುದೇ ಈ ಕಥೆ ಕಲಿಸುವ ಪಾಠ.

ಸರಪಳಿಯ ಪಕ್ಕದಲ್ಲಿ ಪಾದರಸ

ಕನ್ನಡ ನೆಲದಲ್ಲಿ ಥರ್ಮಾಮೀಟರನ್ನು ದೊಡ್ಡ ಪ್ರಮಾಣದಲ್ಲಿ, ಶಿಸ್ತಿನಿಂದ ಬಳಸಿದ ಮೊದಮೊದಲ ಕೆಲಸಗಳಲ್ಲಿ ಒಂದು ಭೂಮಾಪನ. ಶ್ರೀರಂಗಪಟ್ಟಣ ಬಿದ್ದು ಒಂದೂವರೆ ವರ್ಷ ಕಳೆದಿರಲಿಲ್ಲ. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ನೇರ ಗೆರೆಯನ್ನು ಅಳೆದ. ಅದರ ಉದ್ದ ಸುಮಾರು 7.43 ಮೈಲಿ, ಅಂದರೆ ಹೆಚ್ಚುಕಡಿಮೆ 12 ಕಿಲೋಮೀಟರ್. ಮುಂದೆ ಇಡೀ ಉಪಖಂಡವನ್ನು ತ್ರಿಕೋನಗಳಲ್ಲಿ ಹಿಡಿದಿಟ್ಟ ಮಹಾ ತ್ರಿಕೋನಮಿತಿ ಸರ್ವೆಯ ಹಿಂದೆ ಇದ್ದದ್ದು ಇಂಥ ಆಧಾರರೇಖೆಗಳೇ. ತ್ರಿಕೋನದ ಒಂದು ಬಾಹು ಖಚಿತವಾಗಿ ಗೊತ್ತಿದ್ದರೆ ಉಳಿದವನ್ನು ಕೋನಗಳಿಂದ ಲೆಕ್ಕ ಹಾಕಬಹುದು. ಆ ಒಂದು ಬಾಹುವಿನಲ್ಲಿ ತಪ್ಪಾದರೆ ಹಿಮಾಲಯದವರೆಗೂ ತಪ್ಪು ಬೆಳೆಯುತ್ತ ಹೋಗುತ್ತದೆ.

ಅಳತೆಗೆ ಲ್ಯಾಂಬ್ಟನ್ ಬಳಸಿದ್ದು ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಮಾಡಿದ ನೂರು ಅಡಿಯ ಉಕ್ಕಿನ ಸರಪಳಿ. ಅದಕ್ಕೆ ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಚೀನಾದ ಚಕ್ರವರ್ತಿಗೆ ಬ್ರಿಟಿಷ್ ರಾಯಭಾರಿ ಮಂಡಳಿ ಒಯ್ದಿದ್ದ ಕಾಣಿಕೆಗಳ ಜೊತೆಗಿದ್ದು, ಅಲ್ಲಿ ಬೇಡವಾಗಿ, ಕಲ್ಕತ್ತೆಯಲ್ಲಿ ಮಾರಾಟವಾದ ಸರಪಳಿ ಅದು. ಅದನ್ನು ನೆಲದ ಮೇಲೆ ಸುಮ್ಮನೆ ಎಳೆಯುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ಉದ್ದನೆಯ ದೋಣಿಗಳನ್ನು ಸಮಮಟ್ಟಕ್ಕೆ ಹೊಂದಿಸಿ, ಅವುಗಳೊಳಗೆ ಸರಪಳಿಯನ್ನು ಮಲಗಿಸಿ, ತುದಿಗೆ ತೂಕ ಕಟ್ಟಿ ಬಿಗಿ ಮಾಡುತ್ತಿದ್ದರು. ಸರಪಳಿಯ ಉದ್ದಕ್ಕೂ ಆ ದೋಣಿಗಳಲ್ಲಿ ಥರ್ಮಾಮೀಟರುಗಳನ್ನು ಇಡುತ್ತಿದ್ದರು. ಪ್ರತಿ ಬಾರಿ ಸರಪಳಿ ಹಾಸಿದಾಗಲೂ ಅವುಗಳನ್ನು ಓದಿ ಬರೆದುಕೊಳ್ಳಬೇಕಿತ್ತು.

ಉಕ್ಕು ಕಾದರೆ ಹಿಗ್ಗುತ್ತದೆ ಎಂಬುದೇ ಈ ಪರಿ ಎಚ್ಚರಕ್ಕೆ ಕಾರಣ. ನೂರು ಅಡಿಯ ಉಕ್ಕಿನ ಸರಪಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.35 ಮಿಲಿಮೀಟರ್ ಉದ್ದವಾಗುತ್ತದೆ. ಬೆಳಗಿನ ತಂಪಿಗೂ ನಡುಹಗಲಿಗೂ 20 ಡಿಗ್ರಿ ಅಂತರವಿದ್ದರೆ ಹಿಗ್ಗುವುದು 7 ಮಿಲಿಮೀಟರ್. 12 ಕಿಲೋಮೀಟರ್ ಗೆರೆಯಲ್ಲಿ ಸರಪಳಿಯನ್ನು ನಾನೂರರ ಹತ್ತಿರ ಸಲ ಹಾಸಬೇಕು. ಆಗ ಒಟ್ಟು ತಪ್ಪು ಎರಡೂವರೆ ಮೀಟರಿಗೂ ಹೆಚ್ಚು. ಥರ್ಮಾಮೀಟರ್ ಇಲ್ಲದೆ ನಕ್ಷೆಯೇ ಇಲ್ಲ ಎಂಬುದು ಲ್ಯಾಂಬ್ಟನ್‌ಗೆ ಮನದಟ್ಟಾಗಿತ್ತು.

ದಕ್ಷಿಣದಿಂದ ಉತ್ತರಕ್ಕೆ ತ್ರಿಕೋನಗಳನ್ನು ಕಟ್ಟುತ್ತ ಅವನ ತಂಡ ನಿಜಾಮರ ರಾಜ್ಯಕ್ಕೆ ಬಂತು. 1815ರಲ್ಲಿ ಬೀದರ್ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಆಳಂದದಿಂದ ಈಶಾನ್ಯಕ್ಕೆ ಹೋದರೆ ಸಿಗುವ ನೆಲ ಅದು. ಹೀಗೆ ಕಲ್ಯಾಣ ಕರ್ನಾಟಕದ ಬಿಸಿಲು ಡಿಗ್ರಿಗಳಲ್ಲಿ ಲೆಕ್ಕಪುಸ್ತಕ ಸೇರಿತು. ಅದನ್ನು ಬರೆದುಕೊಂಡವರಿಗೆ ಬೇಕಾಗಿದ್ದದ್ದು ಸರಪಳಿಯ ಬಿಸಿ ಮಾತ್ರ. ಸರಪಳಿ ಹೊತ್ತ ಆಳುಗಳ ಬಿಸಿಯನ್ನು ಯಾರೂ ಅಳೆಯಲಿಲ್ಲ.

ಲ್ಯಾಂಬ್ಟನ್ ಕೈಯಲ್ಲಿದ್ದ ಥರ್ಮಾಮೀಟರಿಗೆ ಆಗಲೇ ಇನ್ನೂರು ವರ್ಷದ ಹಿನ್ನೆಲೆ ಇತ್ತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಗೆಲಿಲಿಯೊ ಗಾಜಿನ ಬುರುಡೆಯೊಳಗಿನ ಗಾಳಿ ಹಿಗ್ಗಿ ಕುಗ್ಗುವುದನ್ನು ನೀರಿನ ಏರಿಳಿತದಲ್ಲಿ ತೋರಿಸಿದ್ದ. ಅದರ ಬಾಯಿ ತೆರೆದಿದ್ದರಿಂದ ವಾಯುಭಾರ ಬದಲಾದರೂ ಮಟ್ಟ ಬದಲಾಗುತ್ತಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಟಸ್ಕನಿಯ ಅರಸ ಎರಡನೆಯ ಫರ್ಡಿನಾಂಡೊನ ಕಾಲದಲ್ಲಿ ಕೊಳವೆಯ ಬಾಯಿ ಮುಚ್ಚಿ ಒಳಗೆ ಮದ್ಯಸಾರ ತುಂಬಿದರು. 1714ರಲ್ಲಿ ಫ್ಯಾರನ್‌ಹೀಟ್ ಪಾದರಸ ಹಾಕಿದ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ನೂರು ಭಾಗಗಳ ಮಾನವನ್ನು ಸೂಚಿಸಿದ. ತತ್ವ ಸರಳ. ಬುರುಡೆಯಲ್ಲಿ ಪಾದರಸ ಹೆಚ್ಚು, ಅದು ಏರುವ ರಂಧ್ರ ಅತಿ ಸಪೂರ. ಒಂದು ಡಿಗ್ರಿಗೆ ಪಾದರಸ ಹಿಗ್ಗುವುದು ತನ್ನ ಗಾತ್ರದ ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಮಾತ್ರ. ಆದರೆ ಹೋಗಲು ಬೇರೆ ದಾರಿಯಿಲ್ಲದ್ದರಿಂದ ಆ ಚೂರು ಹಿಗ್ಗುವಿಕೆ ಕಣ್ಣಿಗೆ ಕಾಣುವ ಗೆರೆಯಾಗುತ್ತದೆ.

ಎರಡು ಲೋಹಗಳ ಉಪಾಯ

1841ರಲ್ಲಿ ಅದೇ ಬೀದರ್‌ನಲ್ಲಿ ಆಧಾರರೇಖೆಯನ್ನು ಹೊಸದಾಗಿ ಅಳೆದರು. ಆಗ ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್, ಬೀದರ್‌ನ ಕೆಲಸ ಹೊತ್ತವನು ಆಂಡ್ರೂ ವಾ. ಈ ಸಲ ಸರಪಳಿ ಇರಲಿಲ್ಲ. ಥಾಮಸ್ ಕೋಲ್ಬಿ ರೂಪಿಸಿದ ಹತ್ತು ಅಡಿಯ ಸರಿದೂಗಿಸುವ ಪಟ್ಟಿಗಳಿದ್ದವು. ಒಂದು ಕಬ್ಬಿಣದ್ದು, ಪಕ್ಕದಲ್ಲೇ ಒಂದು ಹಿತ್ತಾಳೆಯದು, ನಡುವಿನಲ್ಲಿ ಎರಡನ್ನೂ ಬಂಧಿಸಿತ್ತು. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ತುದಿಗಳಲ್ಲಿ ಅಡ್ಡಲಾಗಿ ಕೂರಿಸಿದ ನಾಲಗೆಯ ಮೇಲೆ ಒಂದು ಚುಕ್ಕೆ. ಎರಡು ಲೋಹಗಳ ಹಿಗ್ಗುವಿಕೆಯ ವ್ಯತ್ಯಾಸ ನಾಲಗೆಯನ್ನು ಓರೆ ಮಾಡಿದಾಗ ಆ ಚುಕ್ಕೆ ಮಾತ್ರ ಇದ್ದಲ್ಲೇ ಉಳಿಯುವಂತೆ ಲೆಕ್ಕ ಹಾಕಿದ್ದರು. ಬಿಸಿಲು ಏರಿದರೂ ಇಳಿದರೂ ಚುಕ್ಕೆಯಿಂದ ಚುಕ್ಕೆಗಿರುವ ದೂರ ಬದಲಾಗದು.

ಇದೇ ಗುಣವನ್ನು ತಿರುಗಿಸಿ ಬಳಸಿದರೆ ಥರ್ಮಾಮೀಟರ್ ಆಗುತ್ತದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದು ಸುರುಳಿ ಸುತ್ತಿ, ಒಂದು ತುದಿಗೆ ಮುಳ್ಳು ಹಚ್ಚಿದರೆ, ಬಿಸಿ ಏರಿದಂತೆ ಸುರುಳಿ ಬಾಗಿ ಮುಳ್ಳು ತಿರುಗುತ್ತದೆ. ಕಾರ್ಖಾನೆಯ ಕೊಳವೆಗಳ ಮೇಲೆ ಕಾಣುವ ದುಂಡನೆಯ ಗಡಿಯಾರದಂಥ ಮಾಪಕಗಳಲ್ಲಿ ಬಹಳಷ್ಟು ಈ ಜಾತಿಯವು. ಒಡೆಯುವ ಗಾಜಿಲ್ಲ, ಚೆಲ್ಲುವ ದ್ರವವಿಲ್ಲ, ವಿದ್ಯುತ್ತೂ ಬೇಡ.

ಸರ್ವೆಯವರ ಪೆಟ್ಟಿಗೆಯಲ್ಲಿ ಇನ್ನೊಂದು ಥರ್ಮಾಮೀಟರ್ ಇರುತ್ತಿತ್ತು, ಕುದಿಯುವ ನೀರಿನದು. ಎತ್ತರಕ್ಕೆ ಹೋದಂತೆ ವಾಯುಭಾರ ಕಡಿಮೆಯಾಗಿ ನೀರು ಕಡಿಮೆ ತಾಪದಲ್ಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೀರು ಕುದಿಯುವುದು 98.5ರ ಆಸುಪಾಸಿನಲ್ಲಿ. ಆ ಒಂದೂವರೆ ಡಿಗ್ರಿಯ ಕೊರತೆಯಿಂದಲೇ ಊರಿನ ಎತ್ತರ ಗೊತ್ತಾಗುತ್ತಿತ್ತು.

ಕಾಣದ ಬೆಳಕು, ಜಮಖಂಡಿಯ ಗ್ರಹಣ

ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಹಾಸಿದ 1800ರಲ್ಲೇ ಇಂಗ್ಲೆಂಡಿನಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಪಾದರಸದ ಥರ್ಮಾಮೀಟರಿನಿಂದಲೇ ಬೇರೆಯದೊಂದನ್ನು ಕಂಡುಕೊಂಡ. ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಪ್ರತಿ ಬಣ್ಣದಲ್ಲೂ ಕಪ್ಪು ಬಳಿದ ಬುರುಡೆಯ ಥರ್ಮಾಮೀಟರ್ ಇಟ್ಟು ನೋಡಿದ. ನೇರಳೆಯಿಂದ ಕೆಂಪಿನ ಕಡೆ ಬಂದಂತೆ ಬಿಸಿ ಹೆಚ್ಚಿತು. ಕೆಂಪನ್ನೂ ದಾಟಿ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಇದೇ ಅತಿಗೆಂಪು ಕಿರಣ, ಅವಗೆಂಪು ಎಂದೂ ಕರೆಯುತ್ತೇವೆ. ಬಿಸಿಯಾದ ಪ್ರತಿ ವಸ್ತುವೂ, ಮನುಷ್ಯನ ಹಣೆಯೂ, ಇದನ್ನು ಸೂಸುತ್ತಲೇ ಇರುತ್ತದೆ.

ಆ ಹರ್ಷೆಲ್‌ನ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಇದೇ ಮಹಾ ತ್ರಿಕೋನಮಿತಿ ಸರ್ವೆಯ ನೌಕರನಾಗಿ ನಮ್ಮ ಸೀಮೆಗೆ ಬಂದ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಅವನು ನೋಡಿದ್ದು ಕೃಷ್ಣೆಯ ಸಮೀಪದ ಜಮಖಂಡಿಯಿಂದ. ಮೋಡಗಳ ಸಂದಿಯಲ್ಲೇ ಸೂರ್ಯನ ಅಂಚಿನ ಜ್ವಾಲೆಗಳನ್ನು ರೋಹಿತದರ್ಶಕದಲ್ಲಿ ಹಿಡಿದು, ಅವು ಕಾದು ಹೊಳೆಯುವ ಅನಿಲ ಎಂಬುದನ್ನು ಖಚಿತಪಡಿಸಿದವರಲ್ಲಿ ಅವನೂ ಒಬ್ಬ. ದೂರದ ವಸ್ತುವನ್ನು ಮುಟ್ಟದೆ, ಅದರ ಬೆಳಕಿನಿಂದಲೇ ಅದರ ಸ್ಥಿತಿ ತಿಳಿಯುವ ವಿದ್ಯೆ ಕರ್ನಾಟಕದ ನೆಲದಲ್ಲಿ ಹೀಗೆ ಹೆಜ್ಜೆಯಿಟ್ಟಿತು.

ಕಂಕುಳಿಗೆ ಬಂದ ಗಾಜಿನ ಕಡ್ಡಿ

ವೈದ್ಯರ ಕೈಗೆ ಥರ್ಮಾಮೀಟರ್ ಬಂದದ್ದು ತಡವಾಗಿ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಅದು ಸುಮಾರು ಒಂದು ಅಡಿ ಉದ್ದವಿತ್ತು, ಜ್ವರ ನೋಡಲು ಇಪ್ಪತ್ತು ನಿಮಿಷ ಬೇಕಿತ್ತು. 1866ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಇಂಚಿಗೆ, ಐದು ನಿಮಿಷಕ್ಕೆ ಇಳಿಸಿದ. 1868ರಲ್ಲಿ ಜರ್ಮನಿಯ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಮೇಲೆ ಮಾಡಿದ ಅಳತೆಗಳ ಪುಸ್ತಕ ಪ್ರಕಟಿಸಿ, ಆರೋಗ್ಯವಂತರ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್ ಎಂಬ ಅಂಕಿಯನ್ನು ಜಗತ್ತಿಗೆ ಕೊಟ್ಟ.

ಈ ಕಡ್ಡಿಯ ಒಳಗೊಂದು ಜಾಣತನವಿದೆ. ಬುರುಡೆಯ ಕುತ್ತಿಗೆಯಲ್ಲಿ ರಂಧ್ರ ಇನ್ನಷ್ಟು ಕಿರಿದಾಗಿರುತ್ತದೆ. ಹಿಗ್ಗುವ ಪಾದರಸ ಆ ಇಕ್ಕಟ್ಟನ್ನು ದಾಟಿ ಮೇಲೇರುತ್ತದೆ. ಮೈಯಿಂದ ತೆಗೆದ ಮೇಲೆ ಕುಗ್ಗುವಾಗ ಗೆರೆ ಅಲ್ಲೇ ತುಂಡಾಗಿ ಮೇಲಿನದು ಮೇಲೇ ಉಳಿಯುತ್ತದೆ. ಅದಕ್ಕಾಗಿಯೇ ಕೊಡವಿ ಇಳಿಸಬೇಕು. ಕಲಬುರಗಿ ಕಡೆಯ ಬೇಸಿಗೆಗೆ ಇಲ್ಲೊಂದು ತೊಡಕಿದೆ. ಕೋಣೆಯೇ 41 ಡಿಗ್ರಿ ಇದ್ದರೆ ಎಷ್ಟು ಕೊಡವಿದರೂ ಪಾದರಸ 41ರ ಕೆಳಗೆ ಇಳಿಯದು. ಜ್ವರವಿಲ್ಲದವರಿಗೂ ಜ್ವರ ತೋರಿಸುತ್ತದೆ. ಮೊದಲು ತಣ್ಣೀರಿನಲ್ಲಿ ಅದ್ದಿ ಕೊಡವಬೇಕು. ಸಾಮಾನ್ಯವಾಗಿ ಇದರ ಮೇಲ್ಮಿತಿ 42 ಡಿಗ್ರಿ. ಅದಕ್ಕಿಂತ ಬಿಸಿಯಾದ ಕಪಾಟಿನಲ್ಲೋ ವಾಹನದಲ್ಲೋ ಬಿಟ್ಟರೆ ಪಾದರಸಕ್ಕೆ ಜಾಗ ಸಾಲದೆ ಗಾಜೇ ಒಡೆದೀತು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿತು. ಮುಂಬಯಿಯಿಂದ ಕಲಬುರಗಿಯ ಮೇಲೆ ಹಾದು ರಾಯಚೂರು ಮುಟ್ಟುವ ರೈಲು ಮಾರ್ಗ ಪೂರ್ತಿಯಾಗಿ ಆಗಲೇ ಕಾಲು ಶತಮಾನವಾಗಿತ್ತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ರೈಲು ಪ್ರಯಾಣಿಕರನ್ನು ಇಳಿಸಿ, ಕಂಕುಳು ತೊಡೆಸಂದಿಯ ಗಂಟು ನೋಡಿ, ಜ್ವರ ಪರೀಕ್ಷಿಸುವ ಪದ್ಧತಿ ಬಂತು. ಜ್ವರದ ಒಂದು ಅಂಕಿ ಮನುಷ್ಯನನ್ನು ದಾರಿಯಲ್ಲೇ ನಿಲ್ಲಿಸಬಲ್ಲದು ಎಂಬುದು ಜನರಿಗೆ ಆಗ ಅನುಭವಕ್ಕೆ ಬಂತು.

ಬಿಳಿ ಗೂಡಿನೊಳಗೆ ನಾಲ್ಕು ಕಡ್ಡಿ

ಗಾಳಿಯ ಬಿಸಿಯನ್ನು ಕ್ರಮವಾಗಿ ದಾಖಲಿಸುವ ಕೆಲಸಕ್ಕೆ ಬರ, ಚಂಡಮಾರುತಗಳೇ ಪ್ರೇರಣೆ. 1864ರ ಕಲ್ಕತ್ತೆಯ ಚಂಡಮಾರುತ, ಆಮೇಲಿನ ಕ್ಷಾಮಗಳ ನಂತರ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ.

ಹವಾಮಾನ ಕೇಂದ್ರದ ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಗೂಡನ್ನು ಹಲವರು ಬೇಲಿಯಾಚೆಯಿಂದ ನೋಡಿರಬಹುದು. ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1860ರ ದಶಕದಲ್ಲಿ ರೂಪಿಸಿದ್ದು. ಗೋಡೆಗಳು ಎರಡು ಪದರದ ಓರೆ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ಬಾಗಿಲು ಉತ್ತರಕ್ಕೆ, ತೆಗೆದಾಗಲೂ ಸೂರ್ಯ ಇಣುಕದಿರಲಿ ಎಂದು. ಒಳಗೆ ನಾಲ್ಕು ಥರ್ಮಾಮೀಟರು: ಎರಡು ನಿಂತಿವೆ, ಎರಡು ಮಲಗಿವೆ. ಮಲಗಿದವುಗಳಲ್ಲಿ ಒಂದು ಗರಿಷ್ಠ ತಾಪದ್ದು. ಅದರಲ್ಲಿ ಪಾದರಸವಿದ್ದು, ಜ್ವರದ ಕಡ್ಡಿಯಂತೆ ಕುತ್ತಿಗೆ ಇಕ್ಕಟ್ಟು. ಇನ್ನೊಂದು ಕನಿಷ್ಠ ತಾಪದ್ದು. ಅದರಲ್ಲಿ ಮದ್ಯಸಾರ, ಅದರೊಳಗೊಂದು ಪುಟ್ಟ ಸೂಚಕ. ರಾತ್ರಿ ತಂಪಾದಂತೆ ಕುಗ್ಗುವ ದ್ರವದ ಮೇಲ್ಪೊರೆ ಸೂಚಕವನ್ನು ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ದ್ರವ ಹಿಗ್ಗಿದಾಗ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಬೆಳಗಿನ 8.30ಕ್ಕೆ ಬರುವ ನೌಕರ ರಾತ್ರಿಯ ಅತಿ ತಂಪಿನ ಅಂಕಿಯನ್ನು ಆ ಸೂಚಕದಲ್ಲಿ ಓದುತ್ತಾನೆ.

ನಿಂತ ಎರಡರಲ್ಲಿ ಒಂದು ಒಣ ಬುರುಡೆ, ಇನ್ನೊಂದು ತೇವ ಬುರುಡೆ. ತೇವ ಬುರುಡೆಗೆ ತೆಳು ಮಸ್ಲಿನ್ ಬಟ್ಟೆ ಸುತ್ತಿ, ಅದರ ಬತ್ತಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ನೀರು ಆವಿಯಾಗುವಾಗ ಬುರುಡೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದು ಇದೇ ಕ್ರಿಯೆಯಿಂದ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ತೇವ ಬುರುಡೆಯ ಅಂಕಿ ಕಡಿಮೆ. ಎರಡರ ಅಂತರದಿಂದ ಗಾಳಿಯ ತೇವಾಂಶ ಸಿಗುತ್ತದೆ. ಬಟ್ಟೆಗೆ ದೂಳು ಕೂತರೆ ಲೆಕ್ಕ ಕೆಡುತ್ತದೆ. ಎರೆಭೂಮಿಯ ದೂಳಿನಲ್ಲಿ ಆ ಬಟ್ಟೆಯನ್ನು ಮತ್ತೆ ಮತ್ತೆ ಬದಲಿಸಿದ ಅನಾಮಧೇಯ ವೀಕ್ಷಕರಿಗೆ ನಾವು ಋಣಿಗಳು.

ಇಂಥ ಗೂಡುಗಳಿಂದಲೇ ನಮ್ಮ ದಾಖಲೆಗಳು ಬಂದಿವೆ. ಕರ್ನಾಟಕದ ಅತಿ ಹೆಚ್ಚು ತಾಪಮಾನವೆಂದು ಬಹುಕಾಲದಿಂದ ಉಲ್ಲೇಖಗೊಳ್ಳುವ 45.6 ಡಿಗ್ರಿ ರಾಯಚೂರಿನದು, 1928ರ ಮೇ 23ರದು. ಅತಿ ಕಡಿಮೆ 2.8 ಡಿಗ್ರಿ ಬೀದರ್‌ನದು, 1918ರ ಡಿಸೆಂಬರ್ 16ರದು. ಫ್ಯಾರನ್‌ಹೀಟಿನಲ್ಲಿ ಇವು 114 ಮತ್ತು 37. ರಾಜ್ಯದ ಎರಡೂ ಗಡಿಗುರುತುಗಳು ಕಲಬುರಗಿಯ ದಕ್ಷಿಣಕ್ಕೂ ಉತ್ತರಕ್ಕೂ ಇರುವ ಜಿಲ್ಲೆಗಳಲ್ಲಿವೆ. ಎರೆಭೂಮಿ ಹಗಲು ಕುದಿಯುವಷ್ಟೇ ಬೇಗ, ಚಳಿಗಾಲದ ತಿಳಿ ಆಕಾಶದಡಿ ರಾತ್ರಿ ಬಿಸಿ ಕಳೆದುಕೊಳ್ಳುತ್ತದೆ.

ಗೂಡಿನ ಅಂಕಿ ಗಾಳಿಯದು, ನೆಲದ್ದಲ್ಲ. 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನದ ಕೆಲಸ ಶುರುವಾದಾಗ ಅದರ ನೇತೃತ್ವ ವಹಿಸಿದ ಎಲ್.ಎ. ರಾಮದಾಸ್ ನೆಲದ ಮಟ್ಟದಲ್ಲಿ, ನೆಲದೊಳಗೆ, ನೆಲದಿಂದ ಗೇಣು ಗೇಣು ಮೇಲೆ ಥರ್ಮಾಮೀಟರ್ ಇಟ್ಟು ನೋಡಿದರು. ಶಾಂತವಾದ ತಿಳಿ ರಾತ್ರಿಗಳಲ್ಲಿ ಅತಿ ತಂಪು ಇರುವುದು ನೆಲದ ಮೇಲಲ್ಲ, ಅದರಿಂದ ಒಂದೆರಡು ಗೇಣು ಎತ್ತರದಲ್ಲಿ ಎಂದು ಕಂಡರು. ಬಹುಕಾಲ ಯಾರೂ ನಂಬದ ಈ ‘ರಾಮದಾಸ್ ಪದರ’ಕ್ಕೆ 1990ರ ದಶಕದಲ್ಲಿ ಸಿದ್ಧಾಂತ ಕೊಟ್ಟವರು ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರು. ಮೊಳಕೆಯ ತೊಗರಿ, ಹೂವಿನ ಕಡಲೆ ಬದುಕುವುದು ಈ ಕೆಳಪದರದ ಹವೆಯಲ್ಲಿ. ಅದಕ್ಕಾಗಿಯೇ ಕೃಷಿ ಹವಾಮಾನ ಕೇಂದ್ರಗಳಲ್ಲಿ 5, 10, 20 ಸೆಂಟಿಮೀಟರ್ ಆಳದ ಮಣ್ಣಿನ ತಾಪ ಓದಲು ಬಾಗಿದ ಕಾಂಡದ ಥರ್ಮಾಮೀಟರುಗಳನ್ನು ಹೂತಿರುತ್ತಾರೆ.

ಸ್ವಾತಂತ್ರ್ಯ ಬಂದಾಗ ಈ ಉಪಕರಣಗಳಲ್ಲಿ ಹೆಚ್ಚಿನವು ಆಮದು ಮಾಲು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಪ್ರಯೋಗಾಲಯದಲ್ಲಿ ಪಳಗಿದ ಅಣ್ಣಾ ಮಣಿ 1948ರಲ್ಲಿ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ದೇಶದಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂದು ನಂಬಿ ಬದುಕಿದ ಹೆಣ್ಣುಮಗಳು ಅವರು.

ಪಾದರಸದಿಂದ ತಂತಿಗೆ

ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ ಕಡೆ ಸಕ್ಕರೆ ಕಾರ್ಖಾನೆಗಳು ಎದ್ದ ಮೇಲೆ ತಾಪಮಾನ ಅಳೆಯುವ ಕಸುಬು ಈ ಸೀಮೆಯ ದುಡಿಮೆಗೂ ಬಂತು. ಬೆಲ್ಲ ಮಾಡುವವರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಿದ್ದರು. ಆ ಹದ 115ರಿಂದ 120 ಡಿಗ್ರಿಯ ನಡುವಿನದು ಎಂದು ಅಳೆದು ನೋಡಿದವರು ಕಂಡಿದ್ದಾರೆ. ಸಕ್ಕರೆ ಕಾರ್ಖಾನೆ ಆ ಬೆರಳನ್ನು ನಂಬಿ ನಡೆಯಲಾರದು. ಕಬ್ಬಿನ ರಸವನ್ನು 70 ಡಿಗ್ರಿಯ ಸುಮಾರಿಗೆ ಕಾಯಿಸಿ, ಸುಣ್ಣ ಗಂಧಕಗಳ ಸಂಸ್ಕಾರ ಮುಗಿಸಿ, 100ರ ಮೇಲಕ್ಕೆ ಒಯ್ದು ತಿಳಿಗೊಳಿಸಬೇಕು. ಹರಳುಗಟ್ಟಿಸುವ ಪಾತ್ರೆಯಲ್ಲಿ ಗಾಳಿ ಹೀರಿ 60–70 ಡಿಗ್ರಿಯಲ್ಲೇ ಕುದಿಸಬೇಕು. ಇಲ್ಲದಿದ್ದರೆ ಸಕ್ಕರೆ ಕಂದುತ್ತದೆ.

ಇಂಥಲ್ಲಿ ಕೆಲಸ ಮಾಡುವುದು ಪ್ಲಾಟಿನಂ ತಂತಿ. ಲೋಹ ಬಿಸಿಯಾದಂತೆ ವಿದ್ಯುತ್ತಿಗೆ ಒಡ್ಡುವ ತಡೆ ಹೆಚ್ಚುತ್ತದೆ. 1871ರಲ್ಲಿ ವಿಲಿಯಂ ಸೀಮೆನ್ಸ್ ಹೊಳೆಯಿಸಿದ ಈ ದಾರಿಯನ್ನು 1880ರ ದಶಕದಲ್ಲಿ ಹ್ಯೂ ಕ್ಯಾಲೆಂಡರ್ ಭರವಸೆಯ ಉಪಕರಣವಾಗಿಸಿದ. ಕಾರ್ಖಾನೆಯವರು ಪಿಟಿ-100 ಎನ್ನುವುದು ಇದನ್ನೇ. ಸೊನ್ನೆ ಡಿಗ್ರಿಯಲ್ಲಿ 100 ಓಮ್ ತಡೆ, ನೂರು ಡಿಗ್ರಿಯಲ್ಲಿ 138.5. ಕಬ್ಬಿನ ಸಿಪ್ಪೆ ಉರಿಯುವ ಬಾಯ್ಲರಿನ ಒಲೆಗೆ ಉಷ್ಣಯುಗ್ಮ ಬೇಕು. ಎರಡು ಬೇರೆ ಲೋಹದ ತಂತಿಗಳನ್ನು ತುದಿಯಲ್ಲಿ ಬೆಸೆದು ಆ ಬೆಸುಗೆಯನ್ನು ಬಿಸಿ ಮಾಡಿದರೆ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ ಎಂದು 1821ರಲ್ಲಿ ಸೀಬೆಕ್ ಕಂಡಿದ್ದ. ಇದು ಸಾವಿರ ಡಿಗ್ರಿಯನ್ನೂ ತಡೆಯುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಗೂಡುಗಳಲ್ಲಿ ಸುಣ್ಣದ ಕಲ್ಲು ಬೇಯುವುದು 1450 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿ ಮುಟ್ಟಿ ನೋಡುವುದೇ ಕಷ್ಟ, ಜ್ವಾಲೆಯ ಬೆಳಕನ್ನೇ ಓದುವ ಪೈರೋಮೀಟರ್ ಬೇಕು. ಮನೆಯ ಡಿಜಿಟಲ್ ಜ್ವರದ ಕಡ್ಡಿಯಲ್ಲಿ ಇರುವುದು ಥರ್ಮಿಸ್ಟರ್, ಬಿಸಿಯಾದಂತೆ ತಡೆ ತಗ್ಗುವ ಅರೆವಾಹಕದ ಚೂರು.

ಹೋಬಳಿ ಮಟ್ಟಕ್ಕೂ ಅಳತೆ ಇಳಿದದ್ದು ಈ ತಂತಿಗಳಿಂದಲೇ. 1988ರಲ್ಲಿ ಬರ ನಿಗಾ ಕೋಶವಾಗಿ ಹುಟ್ಟಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಹೋಬಳಿಗಳಲ್ಲಿ ಟೆಲಿಮೆಟ್ರಿಕ್ ಹವಾಮಾನ ಕೇಂದ್ರಗಳನ್ನು ನೆಟ್ಟಿತು. ಖಜೂರಿ, ನರೋಣಾ, ನಿಂಬರ್ಗಾ, ಕರಜಗಿ, ಅತನೂರು, ಆಂದೋಲಾ, ನೆಲೋಗಿಯಂಥ ಹೋಬಳಿಗಳ ಬಿಸಿಲು ಈಗ ಬೆಂಗಳೂರಿನ ಗಣಕಕ್ಕೆ ತಾನಾಗಿ ತಲುಪುತ್ತದೆ.

ಗಡಿಯಲ್ಲಿ ನಿಂತ ಪಿಸ್ತೂಲು

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯ ಹಿರಿಯರೊಬ್ಬರದು. ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಪ್ಲೇಗ್ ಕಾಲದ ಅದೇ 1897ರ ಕಾಯ್ದೆಯಡಿ. ಆಳಂದದ ಹಿರೋಳಿ, ಅಫಜಲಪುರದ ಬಳೂರ್ಗಿಯಂಥ ಮಹಾರಾಷ್ಟ್ರ ಗಡಿಯ ತಪಾಸಣಾ ಠಾಣೆಗಳು ರಾಜ್ಯದ ಬಾಗಿಲಾದವು. ಮುಂಬಯಿ, ಪುಣೆ, ಸೊಲ್ಲಾಪುರಗಳಿಂದ ಗಂಟುಮೂಟೆ ಹೊತ್ತು ಮರಳಿದ ಕೂಲಿಕಾರರ ಹಣೆಗೆ ಅತಿಗೆಂಪು ಥರ್ಮಾಮೀಟರ್ ಹಿಡಿಯಲಾಯಿತು. ಪಿಸ್ತೂಲಿನ ಆಕಾರದ ಆ ಯಂತ್ರದೊಳಗೆ ಕೂಡಿಬಂದದ್ದು ಎರಡು ಹಳೆಯ ಶೋಧ: ಹರ್ಷೆಲ್‌ನ ಕಾಣದ ಕಿರಣ, ಸೀಬೆಕ್‌ನ ಬೆಸೆದ ಲೋಹ. ಮಸೂರ ಹಣೆಯ ಅತಿಗೆಂಪು ಕಿರಣವನ್ನು ಅನೇಕ ಪುಟ್ಟ ಉಷ್ಣಯುಗ್ಮಗಳ ರಾಶಿಯ ಮೇಲೆ ಹಾಯಿಸುತ್ತದೆ. ಹುಟ್ಟಿದ ವಿದ್ಯುತ್ತನ್ನು ಚಿಪ್ ಡಿಗ್ರಿಯಾಗಿ ಓದುತ್ತದೆ.

ಆದರೆ ಇಂಥ ಬಹುತೇಕ ಯಂತ್ರಗಳು ಸರಿಯಾಗಿ ಕೆಲಸ ಮಾಡಲು ಸುತ್ತಲಿನ ಗಾಳಿ 40 ಡಿಗ್ರಿ ಮೀರಿರಬಾರದು. ಹಣೆ ನೇರ ಬಿಸಿಲಿನಲ್ಲಿ ಕಾದಿರಬಾರದು, ಬೆವರಿನಿಂದ ತಣ್ಣಗೂ ಆಗಿರಬಾರದು. ಏಪ್ರಿಲ್ ಮೇ ತಿಂಗಳ ಕಲಬುರಗಿಯ ಗಡಿರಸ್ತೆಯಲ್ಲಿ ಈ ಮೂರೂ ಷರತ್ತುಗಳು ಮುರಿದುಬೀಳುತ್ತವೆ. ಬಿಸಿಲಲ್ಲಿ ನಡೆದು ಬಂದವರನ್ನು ನೆರಳಲ್ಲಿ ಕೂರಿಸಿ, ಹಣೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದ ಅಂಕಿಗಷ್ಟೇ ಬೆಲೆ.

ಈ ನಡುವೆ ಪಾದರಸ ಹಿಂದೆ ಸರಿಯುತ್ತಿದೆ. ಕೊಡೈಕೆನಾಲಿನಲ್ಲಿ 1983ರಲ್ಲಿ ಅಮೆರಿಕದಿಂದ ಬಂದ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಮಾಲಿನ್ಯದ ಕಾರಣಕ್ಕೆ 2001ರಲ್ಲಿ ಮುಚ್ಚಿತು. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದವನ್ನು ಭಾರತ 2018ರ ಜೂನ್‌ನಲ್ಲಿ ಅನುಮೋದಿಸಿತು. ಮನೆಯಲ್ಲಿ ಹಳೆಯ ಕಡ್ಡಿ ಒಡೆದರೆ ಕೈಯಿಂದ ಮುಟ್ಟಬೇಡಿ, ಪೊರಕೆಯಿಂದ ಗುಡಿಸಬೇಡಿ. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ, ಮುಚ್ಚಳದ ಸೀಸೆಗೆ ಹಾಕಿ.

ಇನ್ನು ಬೇಕಾದ ಅಂಕಿ

ಬಯಲುಸೀಮೆಯಲ್ಲಿ ಗರಿಷ್ಠ ತಾಪ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಾದರೆ ಹವಾಮಾನ ಇಲಾಖೆ ಬಿಸಿಗಾಳಿ ಎನ್ನುತ್ತದೆ. 45 ಮುಟ್ಟಿದರೆ ವಾಡಿಕೆಯ ಲೆಕ್ಕವೂ ಬೇಡ. ಇವೆಲ್ಲ ಒಣ ಬುರುಡೆಯ ಮಾತು. ಮನುಷ್ಯನ ಮೈ ತಂಪಾಗುವುದು ಬೆವರು ಆರಿದಾಗ, ಆದ್ದರಿಂದ ಅದರ ಸಂಕಟವನ್ನು ಹೇಳುವುದು ತೇವ ಬುರುಡೆ. ಲೆಕ್ಕ ಹಾಕಿ ನೋಡೋಣ. ಮೇ ತಿಂಗಳ 42 ಡಿಗ್ರಿ, 15 ಶೇಕಡಾ ತೇವಾಂಶದ ಮಧ್ಯಾಹ್ನ ತೇವ ಬುರುಡೆ ತೋರಿಸುವುದು ಸುಮಾರು 22. ಮುಂಗಾರಿನ ಮೊದಲ ಮಳೆ ಬಿದ್ದು, ತಾಪ 36ಕ್ಕೆ ಇಳಿದು, ತೇವಾಂಶ 60ಕ್ಕೆ ಏರಿದರೆ ಅದು ತೋರಿಸುವುದು ಸುಮಾರು 29. ಪತ್ರಿಕೆಯ ಅಂಕಿ ಇಳಿದಿದೆ, ಮೈಗೆ ಬೆವರು ಆರಿಸುವ ದಾರಿ ಇನ್ನಷ್ಟು ಮುಚ್ಚಿದೆ. ತೇವ ಬುರುಡೆಯ ತಾಪ 35 ತಲುಪಿದರೆ ನೆರಳಿನಲ್ಲಿ ಕೂತ ಆರೋಗ್ಯವಂತರೂ ಬಹಳ ಹೊತ್ತು ತಡೆಯಲಾರರು. ಇತ್ತೀಚಿನ ಪ್ರಯೋಗಗಳು ಮಿತಿ 31ರ ಆಸುಪಾಸಿನಲ್ಲೇ ಇದೆ ಎನ್ನುತ್ತವೆ. ಒಣ ಬಿಸಿಲು ನೀರು ಕಳೆಯುತ್ತದೆ, ತೇವದ ಬಿಸಿ ಉಸಿರು ಕಟ್ಟಿಸುತ್ತದೆ. ಎರಡಕ್ಕೂ ಎಚ್ಚರಿಕೆ ಬೇಕು.

ಸರಪಳಿಯ ಬಿಸಿಯನ್ನು ಎರಡು ಶತಮಾನದ ಹಿಂದೆಯೇ ಅಷ್ಟು ಶ್ರದ್ಧೆಯಿಂದ ಅಳೆದ ನೆಲದಲ್ಲಿ, ಬಿತ್ತನೆಗೆ ಇಳಿಯುವ ಹೆಣ್ಣುಮಕ್ಕಳ, ಕಬ್ಬು ಕಡಿಯುವವರ, ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತುವವರ ಬಿಸಿಯನ್ನೂ ಅಳೆಯಬೇಕಾದದ್ದು ನ್ಯಾಯ. ಅಳತೆಯ ಉಪಕರಣ ಹೋಬಳಿಗೆ ಬಂದಾಗಿದೆ, ತಾಪವೂ ತೇವಾಂಶವೂ ಅಲ್ಲಿ ದಾಖಲಾಗುತ್ತಿವೆ. ಎರಡನ್ನೂ ಕೂಡಿಸಿದ ತೇವ ಬುರುಡೆಯ ಅಂಕಿಯನ್ನು ಆಳಂದ, ಅಫಜಲಪುರ, ಜೇವರ್ಗಿಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಮಾರ್ಚ್‌ನಿಂದ ಜೂನ್‌ವರೆಗೆ ದಿನವೂ ಬರೆಯಲಿ. ಕೂಲಿಯ ವೇಳೆಯನ್ನೂ ಶಾಲೆಯ ವೇಳೆಯನ್ನೂ ಅದನ್ನು ನೋಡಿ ನಿಗದಿ ಮಾಡಲಿ. ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಈ ಅಂಕಿಯನ್ನು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.